ಆನೆಕಾಲು: ಹುಳ ಸತ್ತ ಮೇಲೂ ಕಾಲು ದಪ್ಪವಾಗುವುದೇಕೆ, ದಿನಾ ಏನು ಮಾಡಬೇಕು

ಶುಶ್ರೂಷೆ_ಕಲಬುರಗಿ

ಆನೆಕಾಲು ಇರುವವರ ಮನೆಯವರು ಮೊದಲು ಕೇಳುವುದು ಬಾವು ಇಳಿಸುವ ಮಾತ್ರೆ ಯಾವುದು ಅಂತ. ಹಾಗೊಂದು ಮಾತ್ರೆ ಇಲ್ಲ. ಆದರೆ ಕಾಲು ಇನ್ನಷ್ಟು ದಪ್ಪವಾಗದಂತೆ ಮನೆಯಲ್ಲೇ ತಡೆಯಬಹುದು. ಶುರುವಿನ ಹಂತದಲ್ಲಿದ್ದರೆ ಬಾವು ಸಾಕಷ್ಟು ಇಳಿಯುತ್ತದೆ ಕೂಡ. ಬೇಕಾಗುವುದು ನೀರು, ಸೋಪು, ಒಣಗಿದ ಬಟ್ಟೆ, ದಿನಕ್ಕೆ ಇಪ್ಪತ್ತು ನಿಮಿಷ. ಇಂಜೆಕ್ಷನ್ ಕೊಡೋದು ಬಿಟ್ಟು ಕಾಲು ತೊಳಕೋ ಅಂತಾರಲ್ಲ ಎಂದು ಬೇಸರಪಟ್ಟುಕೊಳ್ಳುವವರು ಬಹಳ. ಅದಕ್ಕೇ ಕಾರಣವನ್ನು ಮೊದಲು ಹೇಳುತ್ತೇನೆ.

ನಮ್ಮ ಕಡೆ ಈ ರೋಗ ತರುವುದು ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ಹುಳ. ಕ್ಯೂಲೆಕ್ಸ್ ಸೊಳ್ಳೆ ಕಚ್ಚುವಾಗ ಅದರ ಮರಿ ಚರ್ಮದ ಮೇಲೆ ಬಿದ್ದು, ಸೊಳ್ಳೆ ಮಾಡಿದ ತೂತಿನಿಂದ ಒಳಗಿಳಿಯುತ್ತದೆ. ದುಗ್ಧರಸ (ಲಿಂಫ್ ಎಂಬ ತಿಳಿ ದ್ರವ) ಹರಿಯುವ ನಾಳದಲ್ಲಿ ಸೇರಿ, ಬೆಳೆದು, ವರ್ಷಗಟ್ಟಲೆ ಬದುಕುತ್ತದೆ. ನಾಳ ಹಿಗ್ಗುತ್ತದೆ, ಅದರೊಳಗಿನ ಕವಾಟಗಳು ಮುಚ್ಚಿಕೊಳ್ಳುವುದಿಲ್ಲ, ಮೇಲಕ್ಕೆ ಹೋಗಬೇಕಾದ ರಸ ಕಾಲಲ್ಲೇ ನಿಲ್ಲುತ್ತದೆ. ಇಲ್ಲಿಗೆ ಹುಳದ ಪಾತ್ರ ಹೆಚ್ಚುಕಡಿಮೆ ಮುಗಿಯಿತು.

ಆಮೇಲೆ ಕಾಲನ್ನು ಬೆಳೆಸುವುದು ಬ್ಯಾಕ್ಟೀರಿಯಾ. ರಸ ನಿಂತ ಚರ್ಮಕ್ಕೆ ಸೋಂಕು ತಡೆಯುವ ಶಕ್ತಿ ಕಡಿಮೆ. ಒಂದು ಸಣ್ಣ ಬಿರುಕು ಸಿಕ್ಕರೂ ಸ್ಟ್ರೆಪ್ಟೋಕಾಕಸ್‌ನಂಥ ಬ್ಯಾಕ್ಟೀರಿಯಾ ಒಳಗೆ ಹೋಗಿ ಚಳಿ, ಜ್ವರ, ಕೆಂಪು, ಉರಿ, ತೊಡೆಸಂದಿನಲ್ಲಿ ಗಂಟು ತರುತ್ತವೆ. ಮೂರ್ನಾಲ್ಕು ದಿನಕ್ಕೆ ಜ್ವರ ಬಿಡುತ್ತದೆ, ಆದರೆ ಅಳಿದುಳಿದ ಸಣ್ಣ ನಾಳಗಳಲ್ಲಿ ಕಲೆ ಕಟ್ಟಿ ಇನ್ನಷ್ಟು ದಾರಿ ಮುಚ್ಚುತ್ತದೆ. ಇಂಥ ಜ್ವರ ವರ್ಷಕ್ಕೆ ಎಷ್ಟು ಸಲ ಬರುತ್ತದೋ ಅದರ ಮೇಲೆ ಕಾಲಿನ ಗತಿ ನಿಂತಿದೆ. ಜ್ವರ ನಿಂತರೆ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ.

ಆ ಬಿರುಕು ಎಲ್ಲಿರುತ್ತದೆ? ಹತ್ತರಲ್ಲಿ ಎಂಟು ಸಲ ಅಂತ ಲೆಕ್ಕ ಹೇಳುವುದಿಲ್ಲ, ಆದರೆ ಮೊದಲು ನೋಡಬೇಕಾದ ಜಾಗ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದು. ಬೆಳಕಿಗೆ ಕೂರಿಸಿ, ಎರಡೂ ಬೆರಳನ್ನು ಮೆಲ್ಲಗೆ ಅಗಲಿಸಿ. ಚರ್ಮ ಬೆಳ್ಳಗೆ ನೆನೆದು, ಮುಟ್ಟಿದರೆ ಪದರ ಬಿಟ್ಟು, ಅಡಿಯಲ್ಲಿ ಗೆರೆಯ ಹಾಗೆ ಕೆಂಪು ಸೀಳು ಕಂಡರೆ ಅದೇ ಬಾಗಿಲು. ಅದು ಶಿಲೀಂಧ್ರದ ಕೆಲಸ. ನೋವು ಇರುವುದಿಲ್ಲ, ಸ್ವಲ್ಪ ತುರಿಕೆ ಮಾತ್ರ. ಹಾಗಾಗಿ ಯಾರೂ ಗಮನ ಕೊಡುವುದಿಲ್ಲ. ಬಾವು ಹೆಚ್ಚಾದಾಗ ಬೆರಳುಗಳು ಒಂದಕ್ಕೊಂದು ಒತ್ತಿಕೊಂಡು ಸಂದು ಕಾಣುವುದೇ ಇಲ್ಲ, ಸ್ವತಃ ಬಗ್ಗಿ ನೋಡಲೂ ಆಗುವುದಿಲ್ಲ. ಆಗ ಮನೆಯವರೊಬ್ಬರು ದಿನಾ ನೋಡಲೇಬೇಕು.

ಭೀಮಾತೀರ

ತೊಳೆಯುವ ಕ್ರಮ ಬಿಡಿಸಿ ಹೇಳಿ. ಆರೋಗ್ಯ ಕೇಂದ್ರದಲ್ಲಿ ಟಬ್, ಮಗ್, ಟವೆಲ್, ಸೋಪು, ಕ್ರೀಮು ಇರುವ ಕಿಟ್ ಕೊಡುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಟಬ್ಬು ಬಟ್ಟೆ ನೆನೆಸಲಿಕ್ಕೆ ಹೋಗುತ್ತದೆ.

ಶುಶ್ರೂಷೆ_ಕಲಬುರಗಿ

ಹೇಳುತ್ತೇನೆ. ಮೊದಲು ತೊಳೆಯುವವರು ತಮ್ಮ ಕೈ ತೊಳೆದುಕೊಳ್ಳಬೇಕು. ಕುರ್ಚಿಯಲ್ಲಿ ಕೂತು, ಕಾಲನ್ನು ಟಬ್ಬಿನೊಳಗಿನ ಸಣ್ಣ ಸ್ಟೂಲಿನ ಮೇಲೆ ಇಡಲಿ. ಕೊಳೆ ನೀರಿನಲ್ಲೇ ಕಾಲು ಮುಳುಗಿರಬಾರದು. ನೀರು ಶುದ್ಧವಾಗಿರಲಿ, ಬಿಸಿ ಬೇಡ. ಬಿಸಿನೀರು ರಕ್ತನಾಳ ಹಿಗ್ಗಿಸಿ ಬಾವು ಹೆಚ್ಚಿಸುತ್ತದೆ. ಬಾವು ಶುರುವಾಗುವ ಮೇಲ್ಭಾಗದಿಂದ ಹಿಡಿದು ಪಾದದ ಕಡೆಗೆ ನೀರು ಹಾಕುತ್ತಾ ಬನ್ನಿ. ಸಾದಾ, ವಾಸನೆ ಕಡಿಮೆ ಇರುವ ಸೋಪನ್ನು ಕೈಯಲ್ಲೇ ನೊರೆ ಮಾಡಿ, ಮೇಲಿನಿಂದ ಕೆಳಕ್ಕೆ ಮೃದುವಾಗಿ ಹಚ್ಚಿ. ಬ್ರಷ್, ತೆಂಗಿನ ನಾರು, ಕಲ್ಲು ಯಾವುದೂ ಬೇಡ, ಅವು ಹೊಸ ಗಾಯ ಮಾಡುತ್ತವೆ. ಮಡಿಕೆಗಳ ಒಳಗೆ ಮತ್ತು ಬೆರಳ ಸಂದಿಗೆ ಮೆತ್ತನೆ ಬಟ್ಟೆಯ ತುಣುಕು ಬಳಸಿ. ನೊರೆ ಪೂರ್ತಿ ಹೋಗಿ, ಟಬ್ಬಿಗೆ ಬೀಳುವ ನೀರು ತಿಳಿಯಾಗುವ ತನಕ ತೊಳೆಯಿರಿ. ಉಳಿದ ಸೋಪು ಚರ್ಮ ಒಡೆಸುತ್ತದೆ.

ಒಣಗಿಸುವುದು ತೊಳೆಯುವುದಕ್ಕಿಂತ ಮುಖ್ಯ, ಜನ ಬಿಟ್ಟುಬಿಡುವುದೂ ಅದನ್ನೇ. ಟವೆಲ್‌ನಿಂದ ಉಜ್ಜಬೇಡಿ, ಒತ್ತಿ ಒತ್ತಿ ಒರೆಸಿ. ಪ್ರತಿ ಬೆರಳ ಸಂದಿಗೂ ಎರಡು ಬೆರಳಗಲದ ಗಾಜ್ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಅಥವಾ ಹಳೇ ಹತ್ತಿಬಟ್ಟೆಯ ಪಟ್ಟಿ ತೂರಿಸಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಎಳೆಯಿರಿ. ಪಟ್ಟಿ ಒದ್ದೆಯಾಗಿ ಬಂದರೆ ಹೊಸದು ತೂರಿಸಿ. ಒಣಗಿಯೇ ಹೊರಬರುವ ತನಕ ಬಿಡಬೇಡಿ. ಫ್ಯಾನ್ ಗಾಳಿಗೆ ಐದು ನಿಮಿಷ ಹಿಡಿದರೂ ಒಳ್ಳೆಯದು.

ಆಮೇಲೆ ಸಂದಿಗೆ ಕ್ಲೋಟ್ರಿಮಾಜೋಲ್‌ನಂಥ ಶಿಲೀಂಧ್ರದ ಕ್ರೀಮು ತೆಳ್ಳಗೆ, ದಿನಕ್ಕೆ ಎರಡು ಸಲ. ಬಿಳುಪು ಹೋದ ಮೇಲೂ ಎರಡು ವಾರ ಮುಂದುವರಿಸಿ, ಇಲ್ಲದಿದ್ದರೆ ಮರಳಿ ಬರುತ್ತದೆ. ಒಡೆದ ಒಣ ಚರ್ಮಕ್ಕೆ ವ್ಯಾಸಲಿನ್ ಅಥವಾ ಕೊಬ್ಬರಿಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಮಾತ್ರ ಎಣ್ಣೆ ಬೇಡ. ಇನ್ನೊಂದು ಕಾಲು ಚೆನ್ನಾಗಿದ್ದರೂ ಅದನ್ನೂ ಹೀಗೆಯೇ ತೊಳೆಯಿರಿ. ಉಗುರು ನೇರವಾಗಿ ಕತ್ತರಿಸಿ, ಮೂಲೆ ಅಗೆಯಬೇಡಿ.

ರಸ ಸೋರುತ್ತಾ ವಾಸನೆ ಬರುತ್ತಿದ್ದರೆ ಪೊಟ್ಯಾಸಿಯಂ ಪರ್ಮಾಂಗನೇಟ್ ನೀರು ಸಹಾಯ ಮಾಡುತ್ತದೆ. 400 ಮಿ.ಗ್ರಾಂ ಮಾತ್ರೆ ಒಂದಕ್ಕೆ 4 ಲೀಟರ್ ನೀರು, 10 ರಿಂದ 15 ನಿಮಿಷ. ಹರಳು ಬಳಸುವವರು ಎಚ್ಚರ: ಕರಗದ ಹರಳು ಚರ್ಮ ಸುಡುತ್ತದೆ, ಮೊದಲು ಬೇರೆ ಪಾತ್ರೆಯಲ್ಲಿ ಪೂರ್ತಿ ಕರಗಿಸಿ ಸೋಸಿ. ನೀರಿನ ಬಣ್ಣ ತಿಳಿ ಗುಲಾಬಿ ಇರಬೇಕು, ನೇರಳೆ ಆದರೆ ಹೆಚ್ಚಾಯಿತು. ಉಗುರು ಕಂದಾಗುತ್ತದೆ, ಹೆದರಬೇಡಿ. ಸೋರುವುದು ನಿಂತ ಮೇಲೆ ನಿಲ್ಲಿಸಿ, ದಿನಾ ಬಳಸಿದರೆ ಚರ್ಮ ಒಣಗಿ ಬಿರಿಯುತ್ತದೆ.

ನಡಿಗೆ

ತೊಳೆಯುವ ವಿಷಯ ಪೂರ್ತಿಯಾಯಿತು. ನಾನು ಎತ್ತಿ ಇಡುವುದು ಮತ್ತು ವ್ಯಾಯಾಮದ ಬಗ್ಗೆ ಬರೆಯುತ್ತೇನೆ.

ಮಲಗುವಾಗ ಮಂಚದ ಕಾಲ್ದೆಸೆಯ ಎರಡೂ ಕಾಲಿನ ಕೆಳಗೆ ಎರಡೆರಡು ಇಟ್ಟಿಗೆ ಅಡ್ಡಡ್ಡ ಇಟ್ಟರೆ ಸುಮಾರು 15 ಸೆಂ.ಮೀ. ಎತ್ತರ ಸಿಗುತ್ತದೆ. ಬರೀ ಹಿಮ್ಮಡಿಯ ಕೆಳಗೆ ದಿಂಬಿಟ್ಟರೆ ಮೊಣಕಾಲು ತೂಗಿ ನೋಯುತ್ತದೆ, ರಸವೂ ಇಳಿಯುವುದಿಲ್ಲ. ಇಡೀ ಕಾಲಿಗೆ ಆಸರೆ ಬೇಕು. ನೆಲದ ಮೇಲೆ ಮಲಗುವವರು ಚಾಪೆಯ ಅಡಿಗೆ ಮಡಿಸಿದ ಕಂಬಳಿಗಳನ್ನು ಇಳಿಜಾರಾಗಿ ಜೋಡಿಸಬಹುದು. ಹೃದಯ ದುರ್ಬಲವಿರುವವರು, ಮಲಗಿದರೆ ಉಸಿರು ಕಟ್ಟುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಮೀನಖಂಡ ಒಳ್ಳೆಯ ಪಂಪು. ನಿಂತು, ಗೋಡೆ ಹಿಡಿದು, ಹಿಮ್ಮಡಿ ಎತ್ತಿ ಇಳಿಸುವುದು. ಕೂತು ಪಾದವನ್ನು ಮೇಲೆ ಕೆಳಗೆ ಆಡಿಸುವುದು, ವೃತ್ತವಾಗಿ ತಿರುಗಿಸುವುದು. ಬೆರಳು ಮಡಿಸಿ ಬಿಚ್ಚುವುದು. ಪ್ರತಿಯೊಂದೂ 10 ರಿಂದ 15 ಸಲ, ದಿನಕ್ಕೆ ಮೂರ್ನಾಲ್ಕು ಬಾರಿ. ರೊಟ್ಟಿ ತಟ್ಟುವವರು, ಅಂಗಡಿಯಲ್ಲಿ ನಿಲ್ಲುವವರು, ಬೀಡಿ ಕಟ್ಟುತ್ತಾ ಕಾಲು ಮಡಚಿ ಕೂರುವವರು ಅರ್ಧ ಗಂಟೆಗೊಮ್ಮೆಯಾದರೂ ಪಾದ ಆಡಿಸಲಿ. ಜ್ವರ ಬಂದು ಕಾಲು ಕೆಂಪಾಗಿರುವಾಗ ಮಾತ್ರ ವ್ಯಾಯಾಮ ಪೂರ್ತಿ ಬಂದ್.

ಹಂತ ತಿಳಿಯುವುದು ಹೀಗೆ. ರಾತ್ರಿ ಮಲಗೆದ್ದರೆ ಬಾವು ಇಳಿದಿರುತ್ತದೆ ಎಂದರೆ 1ನೇ ಹಂತ. ಇಳಿಯುವುದಿಲ್ಲ ಎಂದರೆ 2. ಮೇಲ್ಮೇಲಿನ ಮಡಿಕೆ ಬಂದರೆ 3, ಗಂಟು ಎದ್ದರೆ 4, ತಳ ಕಾಣದ ಆಳವಾದ ಮಡಿಕೆ 5, ಪಾಚಿ ಕಟ್ಟಿದಂಥ ಸಣ್ಣ ಗುಳ್ಳೆಗಳ ಸಮೂಹ 6, ದಿನದ ಕೆಲಸಕ್ಕೂ ಇನ್ನೊಬ್ಬರು ಬೇಕು ಎನ್ನುವ ಸ್ಥಿತಿ 7. ಮೊದಲೆರಡು ಹಂತದವರು ಇವತ್ತೇ ಶುರು ಮಾಡಿದರೆ ಸಿಗುವ ಫಲ ಬಹಳ ದೊಡ್ಡದು. 6, 7ರಲ್ಲಿರುವವರಿಗೂ ವಾಸನೆ, ಸೋರುವಿಕೆ, ಜ್ವರ ಕಡಿಮೆಯಾಗುತ್ತದೆ. ವಾಸನೆ ನಿಂತರೆ ಮದುವೆ ಮುಂಜಿಗೆ ಹೋಗುವ ಧೈರ್ಯ ಬರುತ್ತದೆ. ಅದನ್ನು ಸಣ್ಣ ಲಾಭ ಎಂದು ನಾನು ಎಣಿಸುವುದಿಲ್ಲ.

ಅಳತೆ ತಿಂಗಳಿಗೊಮ್ಮೆ ಸಾಕು. ಬೆಳಿಗ್ಗೆ ಎದ್ದ ಕೂಡಲೇ, ನೆಲದಿಂದ ಒಂದೇ ಎತ್ತರದಲ್ಲಿ, ಉದಾಹರಣೆಗೆ 10 ಮತ್ತು 20 ಸೆಂ.ಮೀ.ನಲ್ಲಿ, ಟೇಪು ಬಿಗಿಯದೆ ಸುತ್ತಿ ಬರೆದಿಡಿ. ಸಂಜೆಯ ಅಳತೆಯನ್ನು ಬೆಳಗಿನದಕ್ಕೆ ಹೋಲಿಸಿ ಗಾಬರಿಯಾಗುವವರು ತುಂಬಾ ಜನ.

ಕಡಲತಡಿ

ಕ್ರೇಪ್ ಬ್ಯಾಂಡೇಜ್ ಕಟ್ಟಬಹುದೇ? ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವುದು ಅದೊಂದೇ.

ನಡಿಗೆ

ಹಿಗ್ಗುವ ಕ್ರೇಪ್ ಪಟ್ಟಿ ಕೂತಾಗಲೂ ಒತ್ತುತ್ತಲೇ ಇರುತ್ತದೆ, ನಡೆದಾಗ ಬೇಕಾದಷ್ಟು ತಡೆ ಕೊಡುವುದಿಲ್ಲ. ಕಡಿಮೆ ಹಿಗ್ಗುವ ಪಟ್ಟಿಯೇ ಸರಿ, ಅದನ್ನು ಕಟ್ಟುವುದನ್ನು ಒಮ್ಮೆಯಾದರೂ ತಿಳಿದವರಿಂದ ಕೈಯಾರೆ ಕಲಿಯಬೇಕು. ಬೆರಳ ಬುಡದಿಂದ ಶುರು, ಹಿಮ್ಮಡಿ ಬಿಡದೆ ಮುಚ್ಚಿ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ ಮೊಣಕಾಲಿನ ಕೆಳಗಿನವರೆಗೆ. ಕಣಕಾಲಿನ ಹತ್ತಿರ ಬಿಗಿ ಹೆಚ್ಚು, ಮೇಲೆ ಹೋದಂತೆ ಸಡಿಲ. ಸಾಮಾನ್ಯವಾಗಿ ಆಗುವ ಎಡವಟ್ಟು ಇದರ ತಿರುಗುಮುರುಗು: ಕೊನೆಯ ಸುತ್ತನ್ನು ಬಿಚ್ಚದಿರಲಿ ಅಂತ ಮೊಣಕಾಲ ಕೆಳಗೆ ಬಿಗಿದು ಕಟ್ಟುತ್ತಾರೆ. ಆಗ ಪಾದ ಸಂಜೆಗೆ ಊದಿಕೊಳ್ಳುತ್ತದೆ. ಬೆರಳು ನೀಲಿಯಾದರೆ, ಜುಮ್ ಎಂದರೆ, ನೋವಾದರೆ ಕೂಡಲೇ ಬಿಚ್ಚಿ. ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು ಪಾದದ ನಾಡಿ ಪರೀಕ್ಷಿಸಿಕೊಳ್ಳದೆ ಕಟ್ಟಲೇಬಾರದು. ಜ್ವರದ ದಿನಗಳಲ್ಲೂ ಬೇಡ, ಹಸಿ ಗಾಯದ ಮೇಲೂ ಬೇಡ.

ಇದನ್ನೆಲ್ಲ ಕ್ರಮವಾಗಿ ಕಲಿಸುವ ಜಾಗಗಳಲ್ಲಿ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಒಂದು. ಚರ್ಮ ಆರೈಕೆ, ಆಯುರ್ವೇದ, ಯೋಗ, ಪಟ್ಟಿ ಕಟ್ಟುವುದು ನಾಲ್ಕನ್ನೂ ಸೇರಿಸಿದ ಅವರ ವಿಧಾನವನ್ನು ಆಗಿನ ಗುಲ್ಬರ್ಗ ಜಿಲ್ಲೆಯ ಹಳ್ಳಿಗಳಲ್ಲೂ ನಡೆಸಿ, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದ್ದಾರೆ. ಅದರಲ್ಲಿ ನನಗೆ ಮುಖ್ಯ ಅನ್ನಿಸುವುದು ರೋಗಿಯ ಮನೆಯವರಿಗೆ ಕೆಲಸ ಕಲಿಸಿ ಕಳಿಸುವ ಕ್ರಮ.

ಭೀಮಾತೀರ

ಜ್ವರ ಬಂದ ದಿನ ಏನು ಮಾಡಬೇಕು? ನಮ್ಮ ಕಡೆ ಚಳಿ ಬಂತೆಂದರೆ ಮಲೇರಿಯಾ ಅಂದುಕೊಳ್ಳುತ್ತಾರೆ. ಇಲ್ಲವೇ ಬಿಸಿ ಶಾಖ ಕೊಡುತ್ತಾರೆ, ಬರೆ ಹಾಕಿಸುತ್ತಾರೆ.

ಶುಶ್ರೂಷೆ_ಕಲಬುರಗಿ

ಶಾಖ, ಬರೆ, ಸೊಪ್ಪಿನ ಬಿಸಿ ಲೇಪ, ಬ್ಲೇಡಿನಿಂದ ಗೀರಿ "ಕೆಟ್ಟ ನೀರು" ತೆಗೆಯುವುದು, ಇವೆಲ್ಲವೂ ಕೆಟ್ಟದ್ದೇ. ಶಾಖ ಬಾವು ಹೆಚ್ಚಿಸುತ್ತದೆ, ಬರೆ ಮತ್ತು ಗೀರು ಬ್ಯಾಕ್ಟೀರಿಯಾಕ್ಕೆ ಹೊಸ ದಾರಿ ಮಾಡಿಕೊಡುತ್ತವೆ. ಗೀರಿದ ಜಾಗ ಆಮೇಲೆ ತಿಂಗಳುಗಟ್ಟಲೆ ಸೋರುತ್ತದೆ.

ಮಲಗಿಸಿ, ಕಾಲು ಎತ್ತರಿಸಿ. ತಣ್ಣೀರಲ್ಲಿ ಹಿಂಡಿದ ಬಟ್ಟೆ ಕಾಲಿನ ಮೇಲೆ ಹಾಕಿ ಬದಲಿಸುತ್ತಿರಿ, ಐಸ್ ನೇರವಾಗಿ ಬೇಡ. ನೀರು, ಮಜ್ಜಿಗೆ, ಗಂಜಿ ಚೆನ್ನಾಗಿ ಕುಡಿಸಿ. ಜ್ವರ ನೋವಿಗೆ ದೊಡ್ಡವರಿಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ, 6 ಗಂಟೆ ಅಂತರದಲ್ಲಿ. ಆವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗಿ, ಆ್ಯಂಟಿಬಯೋಟಿಕ್ ಬೇಕಾಗುತ್ತದೆ, ಸಾಮಾನ್ಯವಾಗಿ ಅಮಾಕ್ಸಿಸಿಲಿನ್. ಪೆನ್ಸಿಲಿನ್ ಒಗ್ಗದವರು ಮೊದಲೇ ಹೇಳಿ. ಎರಡು ದಿನಕ್ಕೆ ಜ್ವರ ಬಿಟ್ಟಿತು ಅಂತ ಕೋರ್ಸ್ ನಿಲ್ಲಿಸಬೇಡಿ. ಮೆಲ್ಲಗೆ ತೊಳೆಯುವುದು ಮುಂದುವರಿಯಲಿ. ಹುಳದ ಮಾತ್ರೆಯಾದ ಡಿಇಸಿಯನ್ನು ಈ ದಿನಗಳಲ್ಲಿ ಕೊಡುವುದಿಲ್ಲ, ಈ ಜ್ವರ ಹುಳದಿಂದ ಬಂದದ್ದಲ್ಲ.

ವಾಂತಿ ನಿಲ್ಲದಿದ್ದರೆ, ಮಾತು ತೊದಲಿದರೆ, ಮಂಕು ಕವಿದರೆ, ಕೀವು ಅಥವಾ ಕಪ್ಪು ಗುಳ್ಳೆ ಕಂಡರೆ, ಸಕ್ಕರೆ ಕಾಯಿಲೆ ಇದ್ದರೆ, ಔಷಧಿ ಶುರುವಾಗಿ ಎರಡು ದಿನವಾದರೂ ಇಳಿಯದಿದ್ದರೆ ದೊಡ್ಡ ಆಸ್ಪತ್ರೆಗೇ ಹೋಗಬೇಕು. ತೊಳೆಯುವ ಶಿಸ್ತು ಇಟ್ಟುಕೊಂಡರೂ ಪದೇ ಪದೇ ಜ್ವರ ಬರುವವರಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ಬೆಂಜಥಿನ್ ಪೆನ್ಸಿಲಿನ್ ಇಂಜೆಕ್ಷನ್ ಕೊಡುವ ಪದ್ಧತಿ ಇದೆ. ವೈದ್ಯರ ಹತ್ತಿರ ಕೇಳಿ.

ಗಾಜಿನಪಟ್ಟಿ

ಪರೀಕ್ಷೆಯ ಬಗ್ಗೆ ಗೊಂದಲ ತುಂಬಾ ಇದೆ. ಹುಳದ ಮರಿಗಳು ಹಗಲು ಶ್ವಾಸಕೋಶದ ರಕ್ತನಾಳಗಳಲ್ಲಿ ಉಳಿದು, ರಾತ್ರಿ ಹೊರಗಿನ ರಕ್ತಕ್ಕೆ ಬರುತ್ತವೆ, ಸುಮಾರು 10ರಿಂದ 2 ಗಂಟೆಯ ನಡುವೆ ಅತಿ ಹೆಚ್ಚು. ಕ್ಯೂಲೆಕ್ಸ್ ಕಚ್ಚುವ ಹೊತ್ತೂ ಅದೇ. ಆದ್ದರಿಂದ ರಕ್ತ ತೆಗೆಯುವುದು ರಾತ್ರಿ ಎಂಟೂವರೆ ಮೇಲೆ. ಬೆರಳ ತುದಿಯಿಂದ 20 ಮೈಕ್ರೋಲೀಟರ್ ರಕ್ತ ತೆಗೆದು ಗಾಜಿನ ಸ್ಲೈಡಿನ ಮೇಲೆ ದಪ್ಪ ಲೇಪ. ಮೂರು ಲೇಪ ಹಾಕಿ 60 ಮಾಡಿದರೆ ಮರಿ ಕಡಿಮೆ ಇರುವವರೂ ಸಿಗುತ್ತಾರೆ. ಲೇಪ ರಾತ್ರಿಯಿಡೀ ಒಣಗಬೇಕು. ಅರೆ ಒಣಗಿದ್ದನ್ನು ನೀರಿಗೆ ಇಳಿಸಿದರೆ ಲೇಪವೇ ತೊಳೆದು ಹೋಗುತ್ತದೆ. ಹಾಗೆ ಖಾಲಿಯಾದ ಸ್ಲೈಡನ್ನು "ಹುಳ ಇಲ್ಲ" ಎಂದು ಬರೆಯುವುದು ತಪ್ಪು, ಮತ್ತೆ ರಕ್ತ ತೆಗೆಯಬೇಕು.

ಹಗಲಲ್ಲೂ ಮಾಡಬಹುದಾದ ಪಟ್ಟಿ ಪರೀಕ್ಷೆ (ರಕ್ತ ಹಾಕಿದರೆ ಗೆರೆ ಮೂಡುವ ಟೆಸ್ಟ್ ಸ್ಟ್ರಿಪ್) ಇದೆ. 75 ಮೈಕ್ರೋಲೀಟರ್ ರಕ್ತ ಬೇಕು, ಸರಿಯಾಗಿ 10 ನಿಮಿಷಕ್ಕೆ ಓದಬೇಕು. ತಡವಾಗಿ ಓದಿದರೆ ಸುಳ್ಳು ಗೆರೆ ಮೂಡಬಹುದು. ಇದು ಬ್ಯಾಂಕ್ರಾಫ್ಟಿ ಹುಳವನ್ನು ಮಾತ್ರ ಹಿಡಿಯುತ್ತದೆ. ಕೇರಳದ ಚೇರ್ತಲ ಕಡೆ ಹಿಂದಿನಿಂದ ಇರುವ ಬ್ರೂಗಿಯಾ ಮಲಾಯಿ ಇದರಲ್ಲಿ ಕಾಣುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಇದು: ಕಾಲು ದಪ್ಪವಾಗಿ ವರ್ಷಗಳಾದವರಲ್ಲಿ ಎರಡೂ ಪರೀಕ್ಷೆ ಬಹಳ ಸಲ ನೆಗೆಟಿವ್ ಬರುತ್ತವೆ. ಹುಳ ಆಗಲೇ ಸತ್ತಿರುತ್ತದೆ. ರಿಪೋರ್ಟ್ ನೋಡಿ "ನಿಮಗೆ ಆನೆಕಾಲೇ ಇಲ್ಲ" ಎನ್ನುವುದು ಸರಿಯಲ್ಲ. ಇನ್ನೊಂದು ಕಡೆ, ರಾತ್ರಿಯ ರಕ್ತದಲ್ಲಿ ಮರಿ ತುಂಬಿರುವವರ ಕಾಲು ಎಷ್ಟೋ ಸಲ ಪೂರ್ತಿ ಸಪೂರವಾಗಿರುತ್ತದೆ.

ಕಡಲತಡಿ

ಅಂದರೆ ದಪ್ಪ ಕಾಲಿನವರಿಂದ ರೋಗ ಹರಡುತ್ತದೆ ಅನ್ನುವುದು ಸುಳ್ಳು. ಹೆಣ್ಣು ನೋಡಲು ಬಂದವರು ತಾಯಿಯ ಕಾಲು ನೋಡಿ ಎದ್ದು ಹೋಗುವುದುಂಟು.

ಗಾಜಿನಪಟ್ಟಿ

ಪೂರ್ತಿ ಸುಳ್ಳು. ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಎದೆಹಾಲು ಕುಡಿಸಿದರೆ ಬರುವುದಿಲ್ಲ. ವಂಶದಲ್ಲೂ ಇಳಿಯುವುದಿಲ್ಲ. ಒಂದೇ ಮನೆಯ ಇಬ್ಬರಿಗೆ ಬಂದಿದ್ದರೆ ಇಬ್ಬರನ್ನೂ ಒಂದೇ ಚರಂಡಿಯ ಸೊಳ್ಳೆ ವರ್ಷಾನುಗಟ್ಟಲೆ ಕಚ್ಚಿದೆ ಎಂದರ್ಥ. ಒಂದೆರಡು ಸಲ ಕಚ್ಚಿದರೆ ಸಾಲದು. ಇದನ್ನು ಮದುವೆ ಮಾತುಕತೆಗೆ ಕೂತ ಹಿರಿಯರ ಮುಂದೆಯೇ ಹೇಳಬೇಕು. ಆಶಾ ಕಾರ್ಯಕರ್ತೆ ಹೇಳಿದರೆ ಕೇಳುತ್ತಾರೆ.

ರೋಗ ಇರುವ ಊರುಗಳಲ್ಲಿ ಸರ್ಕಾರ ಹಂಚುವ ಹುಳದ ಮಾತ್ರೆಯನ್ನು ಎಲ್ಲರೂ ನುಂಗಬೇಕು ಎನ್ನುವುದಕ್ಕೂ ಕಾರಣ ಇದೇ. ಹೊರಗೆ ಏನೂ ಕಾಣದವರ ರಕ್ತದಲ್ಲೇ ಮರಿ ಇರುತ್ತದೆ. ಕರ್ನಾಟಕದಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಈ ರೋಗದ ಜಿಲ್ಲೆಗಳೆಂದು ಗುರುತಾದವು. ವರ್ಷಕ್ಕೊಮ್ಮೆ ಡಿಇಸಿ 100 ಮಿ.ಗ್ರಾಂ ಮಾತ್ರೆ 2ರಿಂದ 5 ವರ್ಷದವರಿಗೆ 1, 6ರಿಂದ 14ಕ್ಕೆ 2, 15ರ ಮೇಲೆ 3, ಜೊತೆಗೆ ಅಲ್ಬೆಂಡಜೋಲ್ 400 ಮಿ.ಗ್ರಾಂ ಒಂದು. ಮೂರು ಔಷಧಿ ಕೊಡುವ ಕಡೆ ಐವರ್ಮೆಕ್ಟಿನ್ ಸೇರುತ್ತದೆ. ಅದರ ಲೆಕ್ಕ ಎತ್ತರದ ಮೇಲೆ, 90 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಇಲ್ಲ. ಮೂರನ್ನೂ ಒಟ್ಟಿಗೆ ಕೊಟ್ಟರೆ ಸುರಕ್ಷಿತವೇ ಎಂದು ಭಾರತದಲ್ಲಿ ಪರೀಕ್ಷಿಸಿದ್ದು ನಮ್ಮ ಯಾದಗಿರಿ ಜಿಲ್ಲೆಯಲ್ಲಿ. 2 ವರ್ಷದೊಳಗಿನವರು, ಗರ್ಭಿಣಿಯರು, ತೀವ್ರ ಕಾಯಿಲೆಯವರು ನುಂಗಬಾರದು. ಖಾಲಿ ಹೊಟ್ಟೆಯಲ್ಲಿ ಯಾರಿಗೂ ಬೇಡ.

ನುಂಗಿದ ಮೇಲೆ ಸಣ್ಣ ಜ್ವರ, ತಲೆನೋವು, ಓಕರಿಕೆ ಬಂದರೆ ಅದು ರಕ್ತದ ಮರಿಗಳು ಸಾಯುತ್ತಿರುವ ಲಕ್ಷಣ. ಒಂದೆರಡು ದಿನದಲ್ಲಿ ಹೋಗುತ್ತದೆ. ಇದೇ ಕಾರಣಕ್ಕೆ ಊರಲ್ಲಿ ಸುದ್ದಿ ಹಬ್ಬಿ, ಮಾತ್ರೆ ಕೈಗೆ ತೆಗೆದುಕೊಂಡು ಗೂಡಿನಲ್ಲಿಟ್ಟುಬಿಡುತ್ತಾರೆ. ಕನಿಷ್ಠ ನೂರಕ್ಕೆ 65 ಜನ ನಿಜವಾಗಿ ನುಂಗದಿದ್ದರೆ ಆ ಸುತ್ತಿನ ಉದ್ದೇಶ ಈಡೇರುವುದಿಲ್ಲ. ಹಾಗಾಗಿ ಕಣ್ಣೆದುರೇ ನುಂಗಿಸುವುದು. ಆಫ್ರಿಕಾದಲ್ಲಿ ಕೆಲಸ ಮಾಡಿ ಬಂದವರು ಮಾತ್ರ ನುಂಗುವ ಮೊದಲು ವೈದ್ಯರಿಗೆ ತಿಳಿಸಿ. ಅಲ್ಲಿನ ಲೋವಾ ಲೋವಾ, ನದಿಕುರುಡು ತರುವ ಹುಳುಗಳು ಮೈಯಲ್ಲಿದ್ದರೆ ಡಿಇಸಿ ಅಪಾಯ ಮಾಡಬಲ್ಲದು.

ನಡಿಗೆ

ಎಲ್ಲ ಕಾಲು ಬಾವೂ ಆನೆಕಾಲಲ್ಲ, ಅದನ್ನೂ ಬರೆಯೋಣ. ಒಂದೇ ಮೀನಖಂಡ ಒಂದೆರಡು ದಿನದಲ್ಲಿ ಊದಿ ನೋವಾದರೆ, ಅದರಲ್ಲೂ ದೀರ್ಘ ಪ್ರಯಾಣ ಅಥವಾ ಆಪರೇಷನ್ ಆದ ಮೇಲೆ, ರಕ್ತ ಹೆಪ್ಪುಗಟ್ಟಿರಬಹುದು, ಆವತ್ತೇ ಆಸ್ಪತ್ರೆ. ಎರಡೂ ಪಾದ ಊದಿ ಏದುಸಿರು ಬಂದರೆ ಹೃದಯ, ಮುಖವೂ ಊದಿದರೆ ಮೂತ್ರಪಿಂಡ ನೋಡಿಸಿ. ಬಿಪಿಗೆ ಆಮ್ಲೋಡಿಪಿನ್ ನುಂಗುವವರಿಗೆ ಕಣಕಾಲು ಊದುವುದು ಸಾಮಾನ್ಯ. ಎಷ್ಟೋ ಜನ ಇದನ್ನು ಆನೆಕಾಲೆಂದು ಹೆದರುತ್ತಾರೆ. ಇಥಿಯೋಪಿಯಾದ ಎತ್ತರದ ಪ್ರದೇಶದಲ್ಲಿ ಹುಳವೇ ಇಲ್ಲದೆ, ಜ್ವಾಲಾಮುಖಿಯ ಕೆಂಪು ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದವರಿಗೆ ಬರುವ ಪೋಡೋಕೋನಿಯೋಸಿಸ್ ಎಂಬ ಕಾಲುಬಾವು ಇದೆ. ಅಲ್ಲೂ ಉಪಾಯ ಇದೇ: ಶೂ, ಸೋಪು, ನೀರು.

ಭೀಮಾತೀರ

ಗಂಡಸರ ಬುಡ್ಡೆ ಬಾವಿನ ಬಗ್ಗೆ ಯಾರೂ ಬರೆಯಲಿಲ್ಲ. ಹಳ್ಳಿಯಲ್ಲಿ ಮುಚ್ಚಿಟ್ಟುಕೊಳ್ಳುವುದೇ ಹೆಚ್ಚು.

ಶುಶ್ರೂಷೆ_ಕಲಬುರಗಿ

ಹೌದು, ಬರೆಯಲೇಬೇಕು. ಬುಡ್ಡೆಯ ಸುತ್ತ ನೀರು ತುಂಬುವ ಈ ಬಾವಿಗೆ ಹೈಡ್ರೋಸಿಲ್ ಎನ್ನುತ್ತಾರೆ. ಹೈಡ್ರೋಸಿಲ್‌ಗೆ ಆಪರೇಷನ್ನೇ ಪರಿಹಾರ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಮಾಡುತ್ತಾರೆ. ಕಾಲಿನ ಬಾವಿಗೂ ಇದಕ್ಕೂ ವ್ಯತ್ಯಾಸ ಅದೇ: ಇದು ವಾಸಿಯಾಗುತ್ತದೆ. ಸೂಜಿ ಚುಚ್ಚಿ ನೀರು ತೆಗೆಸಿಕೊಂಡರೆ ಕೆಲವೇ ದಿನದಲ್ಲಿ ಮತ್ತೆ ತುಂಬುತ್ತದೆ, ಸೋಂಕೂ ಆಗಬಹುದು. ಮೊದಲು ಸಕ್ಕರೆ, ಬಿಪಿ, ಹರ್ನಿಯಾ ನೋಡಿಕೊಳ್ಳುತ್ತಾರೆ. ಬುಡ್ಡೆಯ ಚರ್ಮವೇ ದಪ್ಪಗಾಗಿ ಗಂಟುಕಟ್ಟಿದ್ದರೆ ಅದು ಬೇರೆ, ಕಷ್ಟದ ಆಪರೇಷನ್, ದೊಡ್ಡ ಆಸ್ಪತ್ರೆ ಬೇಕು. ಮೂತ್ರ ಹಾಲಿನಂತೆ ಹೋಗುತ್ತಿದ್ದರೆ ಅದೂ ಇದೇ ರೋಗದ ಇನ್ನೊಂದು ಮುಖ ಇರಬಹುದು. ಎಣ್ಣೆ ತುಪ್ಪ ಕಡಿಮೆ ಮಾಡಿ, ನೀರು ಹೆಚ್ಚು ಕುಡಿದು, ವೈದ್ಯರಿಗೆ ತೋರಿಸಿ.

ಕಡಲತಡಿ

ಕೊನೆಗೊಂದು ಪ್ರಶ್ನೆ. ಮಳೆಗಾಲದಲ್ಲಿ ಗದ್ದೆಗೆ ಇಳಿಯದೆ ಆಗುವುದಿಲ್ಲ. ಗಮ್‌ಬೂಟ್ ಹಾಕಲೇ?

ಶುಶ್ರೂಷೆ_ಕಲಬುರಗಿ

ಪಾದಕ್ಕೆ ಸಲೀಸಾಗಿ ಹೋಗುವ ದೊಡ್ಡ ಅಳತೆಯದಾದರೆ ಹಾಕಿ, ಒಳಗೆ ಹತ್ತಿಯ ಕಾಲುಚೀಲ ಇರಲಿ. ಎರಡು ಗಂಟೆಗೊಮ್ಮೆ ಬಿಚ್ಚಿ, ಒದ್ದೆ ಚೀಲ ಬದಲಿಸಿ. ಒಳಗೆ ನೀರು ನುಗ್ಗಿದ ಬೂಟು ಬರಿಗಾಲಿಗಿಂತ ಕೆಟ್ಟದ್ದು. ಗದ್ದೆಯಿಂದ ಬಂದ ಕೂಡಲೇ ತೊಳೆದು, ಪಟ್ಟಿ ತೂರಿಸಿ ಒಣಗಿಸಿ, ಆವತ್ತು ರಾತ್ರಿ ಕ್ರೀಮು ತಪ್ಪಿಸಬೇಡಿ. ಊರೊಳಗೆ ಓಡಾಡಲು ಮುಂದೆ ಅಗಲವಿದ್ದು, ಎಳೆದು ಅಂಟಿಸುವ ಪಟ್ಟಿಯ ಚಪ್ಪಲಿ ಸಾಕು. ಅಂಗಡಿಗೆ ಸಂಜೆ ಹೋಗಿ ಅಳತೆ ನೋಡಿ, ಆಗ ಬಾವು ಹೆಚ್ಚಿರುತ್ತದೆ. ಬೆಳಿಗ್ಗೆ ಸರಿಹೋದ ಚಪ್ಪಲಿ ಸಂಜೆಗೆ ಕಚ್ಚುತ್ತದೆ.